ಪ್ರಾಗ್ ನಗರಕ್ಕೆ ಕುಂಕುಮ

ಹಚ್ಚಿದ ಮೇಲಷ್ಟೇ ವಿಶ್ವನಾಥನಿಗೆ ತನ್ನ ಬೆರಳು ಒದ್ದೆಯಾಗಿದೆ ಎಂದು ಹೊಳೆದದ್ದು. ಇದ್ದಿಲು, ಜಲವರ್ಣ, ಹಳೆಯ ಪತ್ರಿಕೆಯ ಚೂರುಗಳಿಂದ ಮಗಳು ಅಪೂರ್ವಾ ಬಿಡಿಸಿದ್ದ ಪ್ರಾಗ್ ನಗರದ ಬೂದು ಸೂರುಗಳ ಮೇಲೆ ಕುಂಕುಮ ಕರಗಿ ಹರಡುತ್ತಿತ್ತು. ಹೊಸ ಫ್ರಿಜ್ಜಿಗೆ, ಕಾರಿಗೆ ಹಚ್ಚಿದಂತೆಯೇ ಶಾಲೆಯ ಪ್ರದರ್ಶನಕ್ಕೆ ಹೊರಟ ಚಿತ್ರಕ್ಕೂ ಒಂದು ಬೊಟ್ಟಿಟ್ಟಿದ್ದ. ತನ್ನ ರಾತ್ರಿ ಪಾಳಿಗಳ ನಡುವೆ, ಅವಳು ಬಿಡಿಸುವಾಗ ಒಂದು ದಿನವೂ ಪಕ್ಕದಲ್ಲಿ ಕೂತವನಲ್ಲ. ಇವತ್ತು ಪೂಜೆ ಮುಗಿಸಿ ಎದ್ದವನು ಇಷ್ಟಾದರೂ ಮಾಡೋಣ ಎಂದುಕೊಂಡಿದ್ದ.

"ಒಳ್ಳೇದಾಗ್ಲಿ ಅಂತ ಹಚ್ಚಿದೆ ಪುಟ್ಟಾ," ಎಂದ.

ಕೆಳಗೆ ಶಾಲೆಯ ವ್ಯಾನು ಹಾರ್ನ್ ಹೊಡೆಯಿತು. ಅಪೂರ್ವಾ ಚಿತ್ರವನ್ನೇ ನೋಡುತ್ತ ನಿಂತಳು. "ಅಪ್ಪಾ, ಯು ಆರ್ ಇಂಪಾಸಿಬಲ್," ಎಂದಳು. ಆಮೇಲೆ ಕಿಟಕಿಯಿಂದ ಬಗ್ಗಿ ಈ ಪರದೇಶದ ಡ್ರೈವರನಿಗೆ ಅವನ ಭಾಷೆಯಲ್ಲೇ, ಸ್ವಲ್ಪ ತಾಳು ಎನ್ನುತ್ತ, "ನ್ಗೋಜಾ ಕಿಡೋಗೊ, ಫೈವ್ ಮಿನಿಟ್ಸ್" ಎಂದು ಕೂಗಿ, ದೇವರ ಮುಂದಿದ್ದ ಕುಂಕುಮದ ಬಟ್ಟಲನ್ನೇ ಎತ್ತಿಕೊಂಡು ಬಂದಳು. "ಮಿಕ್ಸ್ಡ್ ಮೀಡಿಯಾ ತಾನೇ. ಅಲ್ಲಿ ರೂಫ್ಸ್ ಎಲ್ಲಾ ರೆಡ್ಡೇ."

ಅವನ ಬೆರಳು ಹಿಡಿದು ನೀರಿಗೆ, ಕುಂಕುಮಕ್ಕೆ ಅದ್ದಿ, ಚಿತ್ರದಲ್ಲಿ ಆ ಬೊಟ್ಟಿನ ಪಕ್ಕದ ಮನೆಯ ಸೂರಿನ ಮೇಲಿಟ್ಟಳು. ಅವನು ಕೊಂಚ ಜೋರಾಗಿಯೇ ಒತ್ತಿದ.

"ಮೆಲ್ಲಗೆ. ಈ ಸ್ಟ್ರೀಟ್ ನಿಂದು, ದಟ್ ಒನ್ ಈಸ್ ಮೈನ್."