ಏಡಿ ಕಂಡಕ್ಟರ್

ಗಾಜಿನ ಚಿತ್ರದ ತರಗತಿಯಲ್ಲಿ ಶಮ್ನಾ ತಾನು ಬಿಡಿಸುತ್ತಿದ್ದ ಕಾಗದವನ್ನು ಥಟ್ಟನೆ ಮೊಣಕೈಯಿಂದ ಮುಚ್ಚಿಕೊಂಡಳು. ಕುಸುಮಳಿಗೆ ಅಷ್ಟು ಸಾಕಾಯಿತು.

"ಏನದು? ತೋರಿಸು."

ನದಿಯ ತಳದಲ್ಲಿ ಓಡುವ ಖಾಸಗಿ ಬಸ್ಸು. ಕಿಟಕಿಗೊಂದು ಮೀನು. ಬಾಗಿಲಲ್ಲಿ ಸೀಟಿ ಕಚ್ಚಿಕೊಂಡು ನೇತಾಡುವ ಏಡಿ ಕಂಡಕ್ಟರ್.

ಕುಸುಮ ಕಾಗದವನ್ನು ಕಸಿದುಕೊಂಡಳು. ಇದು ಚನಿಯಪ್ಪನವರ ಹೊಸ ವಿನ್ಯಾಸ! ಬಿ.ಸಿ.ರೋಡಿನ ಸಭಾಭವನದ ದೊಡ್ಡ ಕಿಟಕಿಗೆ ಬಣ್ಣದ ಗಾಜಿನಲ್ಲಿ ಮೂಡಬೇಕಾದದ್ದು. ನಾಳೆ ಸಮಿತಿಯ ಮುಂದೆ ಇಡಬೇಕು. ಅವರನ್ನೂ ಸಹಾಯಕಿ ಕುಸುಮಳನ್ನೂ ಬಿಟ್ಟರೆ ಮೂರನೆಯವರು ಕಂಡಿಲ್ಲ. ಇಂಥದ್ದೇ ಇನ್ನೊಂದು ಹೊರಬಿದ್ದರೆ ಕೆಲಸವೂ ಹೋಯಿತು, ಹೆಸರೂ ಹೋಯಿತು.

ಹೆಸರೇನು ಸಣ್ಣದೇ? ಮೂಡುಬಿದಿರೆಯ ಈ ಕಲಾವಿದ ಹನ್ನೆರಡು ವರ್ಷಗಳಲ್ಲಿ ಮಾಡಿದ ಹದಿನಾರು ಕಿಟಕಿಗಳನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಐವತ್ತೆಂಟರಲ್ಲೂ ಮಗುವಿನ ಕಣ್ಣು ಎಂದು ಪತ್ರಿಕೆಗಳು ಹೊಗಳಿದ್ದವು. ಅಂಥವರು ಪ್ರತಿ ಭಾನುವಾರ ಬೆಳ್ತಂಗಡಿಗೆ ಬಂದು ಪುಕ್ಕಟೆ ಪಾಠ ಹೇಳಿದರೆ, ಅದಕ್ಕೆ ಇದೇ ಪ್ರತಿಫಲ.

ವಿಟ್ಲದಿಂದ ಬಸ್ಸು ಬದಲಿಸಿ ಬರುವ ಈ ಹುಡುಗಿಯ ಮೇಲೆ ಕುಸುಮಳಿಗೆ ಮೊದಲಿನಿಂದಲೂ ಗುಮಾನಿ. ಗಾಜು ಕತ್ತರಿಸುವುದಕ್ಕಿಂತ ತರಗತಿಯ ಮೂಲೆಯಲ್ಲಿರುವ ಚನಿಯಪ್ಪನವರ ಕಪಾಟನ್ನು ನೋಡುವುದೇ ಹೆಚ್ಚು. ಹೋದ ವಾರ, "ಸರ್ ಹಳೆ ಚಿತ್ರಗಳನ್ನೆಲ್ಲ ಎಲ್ಲಿ ಇಡ್ತಾರೆ ಅಕ್ಕ?" ಎಂದು ಬೇರೆ ಕೇಳಿದ್ದಳು.

"ಸರ್, ಇಲ್ಲಿ ನೋಡಿ! ಏಡಿಯ ಸೀಟಿಯನ್ನೂ ಬಿಟ್ಟಿಲ್ಲ ಇವಳು."

ಚನಿಯಪ್ಪ ನೋಡಿದರು. ಮುಖ ಬಿಳುಚಿತು.

"ಬಿಡಿ ಕುಸುಮ. ಇದನ್ನು ದೊಡ್ಡದು ಮಾಡುವುದು ಬೇಡ."

ಎಂಥ ದೊಡ್ಡ ಮನಸ್ಸು! ಕುಸುಮಳ ಕಣ್ಣು ತುಂಬಿತು. ಆದರೆ ಅವಳು ಸುಮ್ಮನಿರುವ ಪೈಕಿಯಲ್ಲ.

"ಸರ್ ಬಿಟ್ಟರೂ ನಾನು ಬಿಡುದಿಲ್ಲ ಮಾರಾಯ್ತಿ. ಕಪಾಟು ಯಾವಾಗ ತೆಗೆದದ್ದು, ಹೇಳು!"

"ಕಪಾಟು ನಾನು ಮುಟ್ಟಲೇ ಇಲ್ಲ ಅಕ್ಕ." ಶಮ್ನಾ ಹೇಳಿದಳು. "ಇದು ನಾನು ಎರಡನೇ ಕ್ಲಾಸಿನಲ್ಲಿ ಬಿಡಿಸಿದ್ದು. ಹದಿಮೂರು ವರ್ಷದ ಹಿಂದೆ, ಸರ್ ನಮ್ಮ ಶಾಲೆಯಲ್ಲಿ ಬೇಸಿಗೆ ಶಿಬಿರ ಮಾಡಿದಾಗ. ಎಲ್ಲ ಮಕ್ಕಳ ಚಿತ್ರ ತಕ್ಕೊಂಡು ಹೋದ್ರು, ಮತ್ತೆ ಕೊಡ್ತೇನೆ ಅಂತ. ನನ್ನದು ಈಗಲೂ ಉಂಟಾ ಅಂತ ಕೇಳ್ಲಿಕ್ಕೇ ಇಲ್ಲಿ ಸೇರಿದ್ದು. ನೇರ ಕೇಳ್ಲಿಕ್ಕೆ ನಾಚಿಕೆ ಆಯ್ತು. ಅದನ್ನೇ ಪುನಃ ಬಿಡಿಸಿ, ಪೂರ್ತಿ ಆದ ಮೇಲೆ ತೋರಿಸುವ, ಸರ್‌ಗೆ ನೆನಪಾಗಬಹುದು ಅಂತ..."

ಕುಸುಮ ಚನಿಯಪ್ಪನವರತ್ತ ತಿರುಗಿದಳು. ಸುಳ್ಳು ಎಂದು ಅವರು ಒಂದು ಮಾತು ಹೇಳಲಿ ಎಂದು ಕಾದಳು.

ಚನಿಯಪ್ಪ ಬಾಗಿಲು ಮುಂದೆ ಮಾಡಿ ಬಂದು, ಶಮ್ನಾಳ ಹತ್ತಿರ ಬಗ್ಗಿ, ತಗ್ಗಿದ ದನಿಯಲ್ಲಿ ಕೇಳಿದರು: "ಆ ಶಿಬಿರದ ಉಳಿದ ಮಕ್ಕಳೆಲ್ಲ ಈಗ ಎಲ್ಲಿದ್ದಾರೆ, ನಿನಗೆ ಗೊತ್ತುಂಟಾ?"