ಏಣಿ ಎಳೆದವಳು

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೊಳೆತ ಭತ್ತ ತೆಗೆಯಲು ಗುಂಡಿಗಿಳಿದ ಹಾಲೇಶ ಸದ್ದಿಲ್ಲದೆ ಕುಸಿದ. ಚೀಲ ಹೊಲಿಯುತ್ತಿದ್ದ ಹೆಂಡತಿ ಶಿವಲೀಲಾ ಓಡಿಬಂದು ಏಣಿಗೆ ಕಾಲಿಟ್ಟಳು.

"ಇಳೀಬ್ಯಾಡವಾ ತಂಗಿ!" ಮಿಸ್ತ್ರಿ ಮದಾರಸಾಬ ಅವಳನ್ನು ಹಿಂದಕ್ಕೆಳೆದ. "ತಳದಾಗ ಕಾರ್ಬನ್ ಗ್ಯಾಸ್ ತುಂಬೈತಿ. ಕಣ್ಣಿಗಿ ಕಾಣಂಗಿಲ್ಲ, ವಾಸನಿನೂ ಬರಂಗಿಲ್ಲ. ಇಳಿದ್ರ ನೀನೂ ಬೀಳ್ತಿ. ಗಾಳಿ ಹಾಕೋ ಫ್ಯಾನು, ಹಗ್ಗ ತರ್ತೀವಿ." ಎಲ್ಲರೂ ಓಡಿದರು.

ಅವಳೊಬ್ಬಳೇ ಉಳಿದಳು. ಕೆಳಗೆ ಅವನ ಕೈ ಅಲುಗಿತು. ಅವಳ ಕಾಲು ತಾನಾಗಿ ಏಣಿಯತ್ತ ಹೋಯಿತು. "ಇಬ್ಬರೂ ಹೋದ್ರ ಅಮೃತಾಗ ಯಾರದಾರ್ರಿ?" ಎಂದು ಮಗಳ ಹೆಸರು ಹಿಡಿದು ಕೂಗಿದಳು. ಏಣಿ ಅಲ್ಲೇ ಇದ್ದರೆ ಇಳಿದೇಬಿಡುವೆನೆಂದು ಹೆದರಿ ಅದನ್ನು ಮೇಲಕ್ಕೆಳೆದು ಬಿಸಾಡಿದಳು. ಅರೆ ತೆರೆದ ಹಾಲೇಶನ ಕಣ್ಣು ಅವಳತ್ತಲೇ ಇತ್ತು.

ಗಾಳಿ ಹಾಯಿಸಿ ಅವನನ್ನು ಮೇಲೆತ್ತಿದಾಗ ಉಸಿರಿತ್ತು. "ಬಾರವಾ, ಬದುಕ್ಯಾನ!" ಎಂದು ಮದಾರಸಾಬ ಕರೆದ. ಎಲ್ಲರೂ ಹಾಲೇಶನನ್ನು ಸುತ್ತುವರಿದರು. ಶಿವಲೀಲಾ ಮಾತ್ರ ಅವನೆದುರು ಬರಲಾರದೆ ಕಂಬದ ಹಿಂದೆ ನಿಂತಳು.