ಹನ್ನೆರಡೇ ಹಾಡು

"ಹನ್ನೆರಡೇ ಇರೋದು," ಎಂದರು ನರಸಿಂಹಮೂರ್ತಿ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. "ಹನ್ನೆರಡು ಹಾಡು. ಜಿಪ್ ಮಾಡಿ ಪೆನ್ ಡ್ರೈವಿಗೆ ಹಾಕಿದೀನಿ. ಮುಗೀತು."

ಗಾಜಿನ ಲೋಟಗಳನ್ನು ಹಳೆ ತೆಲುಗು ಪೇಪರಿನಲ್ಲಿ ಸುತ್ತುತ್ತಿದ್ದ ವಿಜಯಲಕ್ಷ್ಮೀ ತಲೆ ಎತ್ತಿದರು. "ಅರವತ್ತಮೂರು, ರೀ. ಬೆಳಿಗ್ಗೆ ಟೈಪ್ ಮಾಡಿದ್ದೇ ಅರವತ್ತಮೂರನೇದು."

"ನಾನು ಅಡ್ಮಿನಿಸ್ಟ್ರೇಟರ್ ಆಗಿ ನೋಡ್ತಿದೀನಿ ಕಣೇ. ನನಗೆ ಕಾಣದೇ ಇರೋದು ಈ ಮಷೀನಲ್ಲಿ ಏನೂ ಇಲ್ಲ. ನೀನು ಸೇವ್ ಮಾಡಿಲ್ಲ, ಅಷ್ಟೇ."

ಬ್ಯಾಂಕು ಮೂರ್ತಿಗಳನ್ನು ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ವರ್ಗ ಮಾಡಿತ್ತು. ನಾಳೆ ಲಾರಿ. ಇವತ್ತು ಹನ್ನೊಂದಕ್ಕೆ ಅನಕಾಪಲ್ಲಿಯ ಬಾಬ್ಜಿ ಬಂದು ಈ ಹಳೆ ಕಂಪ್ಯೂಟರನ್ನು ಕೊಂಡು ತನ್ನ ಬೆಲ್ಲದ ಮಂಡಿಗೆ ಒಯ್ಯುವವನಿದ್ದ. ಹತ್ತು ವರ್ಷದ ಹಿಂದೆ ವಿಜಯಲಕ್ಷ್ಮೀ ಯಾವುದೋ ಬಹುಮಾನದ ಸಂದೇಶ ಒತ್ತಿ ಅದಕ್ಕೆ ವೈರಸ್ ಹತ್ತಿಸಿದ್ದರು. ಅಂದೇ ಮೂರ್ತಿಗಳು ಬ್ರಾಂಚಿನ ಶಿಸ್ತನ್ನು ಮನೆಗೂ ತಂದು, ಹೆಂಡತಿಗೆ ಬೇರೆ ಲಾಗಿನ್ ಕೊಟ್ಟು, ಅಧಿಕಾರವೆಲ್ಲ ತಮ್ಮ ಹೆಸರಿನಲ್ಲೇ ಇಟ್ಟುಕೊಂಡರು. ಹಾಗಾಗಿ ಈ ಬೆಳಿಗ್ಗೆ ಆಕೆ ತನ್ನ ಹಾಡುಗಳನ್ನು ಗಂಟು ಕಟ್ಟಲು ಹೋದಾಗ ಮಷೀನು ಒಪ್ಪಲಿಲ್ಲ. ಹಳೆ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ತನ್ನ ಕಡತಗಳನ್ನು ವಿಂಡೋಸಿನ ಕಾವಲಿರುವ ಫೋಲ್ಡರಿನಲ್ಲೇ ಇಡುತ್ತಿತ್ತು. ಅಲ್ಲಿ ಕೈಯಿಡಲು ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕಂತೆ. ಆಕೆ ಗಂಡನನ್ನು ಕರೆದರು. ಅವರು ತಮ್ಮ ಹೆಸರಿನಲ್ಲಿ ಲಾಗಿನ್ ಆಗಿ ಗತ್ತಿನಿಂದ ಕೂತರು.

ಆ ಹಾಡುಗಳು ಆಕೆಯ ಸ್ವಂತದವಲ್ಲ. ಇಲ್ಲಿಯ ಕನ್ನಡದ ಹೆಂಗಸರ ಬಳಗದಲ್ಲಿ ಒಂದು ಕಟ್ಟಳೆಯಿತ್ತು. ಗಂಡನಿಗೆ ವರ್ಗವಾದವಳು ಊರು ಬಿಡುವ ಮುಂಚೆ ತನ್ನ ಕಡೆಯ ಒಂದು ಹಾಡು ಕೊಟ್ಟು ಹೋಗಬೇಕು. ಹಸೆಯದೋ, ಆರತಿಯದೋ, ತೊಟ್ಟಿಲದೋ, ಯಾವುದಾದರೂ ಸರಿ. ಬರೆದಿಡುವ ಕೆಲಸ ವಿಜಯಲಕ್ಷ್ಮೀಯದು. ಹಾವೇರಿಯ ಪಂಕಜಾ ಇದೇ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ಬೀಸುವ ಹಾಡಿನ ಹದಿನೇಳು ನುಡಿ ಹೇಳಿದ್ದಳು. ಮರುವರ್ಷವೇ ತೀರಿಕೊಂಡಳು. ಅವಳ ಮಕ್ಕಳಿಗೆ ಒಂದು ನುಡಿಯೂ ಬಾರದು.

"ಪಂಕಜಾಂದು ಇದೆಯಾ ನೋಡಿ."

"ಇಲ್ಲ. ವಯಸ್ಸಾಯ್ತು ನಿಂಗೂ. ಮೊನ್ನೆ ಹಾಲಿಟ್ಟು ಮರೆತಿರಲಿಲ್ವಾ?"

ಆ ಮಾತು ಆಕೆಯ ಎದೆಗೇ ನಾಟಿತು. ಹಾಲು ಉಕ್ಕಿದ್ದು ನಿಜ. ಹಾಗಾದರೆ ಹಾಡುಗಳನ್ನೂ ಬರೆದೆನೆಂದು ಬರೀ ಅಂದುಕೊಂಡೆನೇ? ಆಕೆಗೆ ನಿಜಕ್ಕೂ ಭಯವಾಯಿತು.

"ನನ್ನ ಲಾಗಿನ್ನಲ್ಲಿ ಒಂದ್ಸಲ ನೋಡ್ತೀನಿ, ಏಳಿ."

"ನನಗೇ ಕಾಣದ್ದು ನಿನಗೆಲ್ಲಿಂದ ಬರುತ್ತೆ? ಬಾಬ್ಜಿ ಬರೋ ಹೊತ್ತಾಯ್ತು, ನಿನ್ನ ಅಕೌಂಟ್ ತೆಗೆದುಬಿಡ್ತೀನಿ." ಈ ಹೆಸರಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆಗಬಹುದೇ ಎಂದು ಪರದೆ ಕೇಳಿತು. ಮೂರ್ತಿಗಳ ಬೆರಳು ಮೌಸಿನ ಮೇಲಿತ್ತು. ವಿಜಯಲಕ್ಷ್ಮೀ ಆ ಕೈಯನ್ನು ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಮಗಳಿಗೆ ಫೋನು ಮಾಡಿದರು. ಹರಿಣಿ ವಿಜಯವಾಡದ ಪಟಮಟದಲ್ಲಿ ಶಾಲಾ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದಳು.

"ಅಮ್ಮ, ಅಪ್ಪ ಡಿಲೀಟ್ ಒತ್ತಿಲ್ಲ ಕದಾ?" ಎಂದಳು, ಎಲ್ಲ ಕೇಳಿಸಿಕೊಂಡು, ತನ್ನ ತೆಲುಗು ಬೆರೆತ ಕನ್ನಡದಲ್ಲಿ. "ಸರೇ. ಆ ಫೋಲ್ಡರಲ್ಲಿ ಬರೆಯೋ ಹಕ್ಕು ನಿನಗಿಲ್ಲ. ಆದರೆ ಆ ಹಳೆ ಸಾಫ್ಟ್‌ವೇರ್ ಅಲ್ಲೇ ಬರೀತೀನಿ ಅಂತ ಹಠ ಮಾಡುತ್ತೆ. ಅದಕ್ಕೆ ವಿಂಡೋಸ್ ಸುಮ್ನೆ ಹೂಂ ಅಂದು, ನೀನು ಬರೆದದ್ದನ್ನ ನಿನ್ನ ಹೆಸರಿನ ಬೇರೆ ಜಾಗದಲ್ಲಿ ಇಟ್ಟಿರುತ್ತೆ. ಅಪ್ಪನ ಲಾಗಿನ್ನಿಂದ ಹೋದರೆ ಆ ಫೋಲ್ಡರಲ್ಲಿ ಅದು ಕಾಣೋದೇ ಇಲ್ಲ. ಆ ಹನ್ನೆರಡು ಮಾತ್ರ ನೀನು ವೈರಸ್‌ಗೂ ಮುಂಚೆ ಅಪ್ಪನ ಹೆಸರಲ್ಲಿ ಕೂತು ಬರೆದಿದ್ದು. ಈಗ ನಿನ್ನ ಹೆಸರಲ್ಲಿ ಹೋಗಿ ನೋಡು."

ಮೂರ್ತಿಗಳು ಎದ್ದು ಕುರ್ಚಿ ಬಿಟ್ಟುಕೊಟ್ಟರು. ವಿಜಯಲಕ್ಷ್ಮೀ ತನ್ನ ಹೆಸರಿನಲ್ಲಿ ಒಳಗೆ ಹೋಗಿ ಸಾಫ್ಟ್‌ವೇರ್ ತೆರೆದರು. ಅರವತ್ತಮೂರೂ ಇದ್ದವು. ಪಂಕಜಾಳದು ಇಪ್ಪತ್ತೊಂಬತ್ತನೆಯದು, ತೆರೆದು ನುಡಿ ಎಣಿಸಿದರು, ಹದಿನೇಳು. ಹರಿಣಿ ಹೇಳಿಕೊಟ್ಟಂತೆ ಆ ಇನ್ನೊಂದು ಜಾಗ ಹುಡುಕಿ, ಉಳಿದ ಐವತ್ತೊಂದನ್ನೂ ಜಿಪ್ ಮಾಡಿ ಪೆನ್ ಡ್ರೈವಿಗೆ ಹಾಕಿದರು. ಗಂಡನ ಮೇಲೆ ಸಿಟ್ಟು ಬಂತು. ಅವರ ಮಾತನ್ನು ಅರ್ಧ ನಂಬಿಯೇಬಿಟ್ಟಿದ್ದೆನಲ್ಲ ಎಂದು ತನ್ನ ಮೇಲೆ ಇನ್ನೂ ಹೆಚ್ಚು ಬಂತು.

"ನನ್ನ ಅನುಮತಿ ಕೇಳಲೇ ಇಲ್ಲವಲ್ಲ ಈ ಮಷೀನು," ಎಂದರು ಮೂರ್ತಿಗಳು ಹಿಂದಿನಿಂದ, ಅರ್ಧ ಸುತ್ತಿದ ಲೋಟ ಕೈಯಲ್ಲಿ ಹಿಡಿದು.

ಆಕೆ ಪೆನ್ ಡ್ರೈವನ್ನು ಕಿತ್ತು ಸೆರಗಿನ ತುದಿಗೆ ಕಟ್ಟಿಕೊಂಡರು. ಹೊರಗೆ ಬಾಬ್ಜಿಯ ಆಟೋ ಬಂದು ನಿಂತಿತ್ತು.

ಹದಿನೈದು ದಿನದ ಮೇಲೆ, ಪಟಮಟದ ಬಾಡಿಗೆ ಮನೆಯಲ್ಲಿ ಮೂರ್ತಿಗಳು ಹೊಸ ಲ್ಯಾಪ್‌ಟಾಪ್ ಬಿಚ್ಚಿ ಕೂತರು. ವಿಜಯಲಕ್ಷ್ಮೀ ಎದುರಿಗೆ ಗೋಂಗೂರ ಸೊಪ್ಪು ಬಿಡಿಸುತ್ತಿದ್ದರು. ಮೂರ್ತಿಗಳು ಒಂದೆರಡು ಸಲ ಕೆಮ್ಮಿ, ಬ್ಯಾಂಕಿನಲ್ಲಿ ಹಿರಿಯ ಗ್ರಾಹಕರೊಡನೆ ಮಾತಾಡುವ ದನಿಯಲ್ಲಿ ಕೇಳಿದರು.

"ವಿಜಯಾ, ಈ ಸಲ ನಿನ್ನನ್ನೂ ಅಡ್ಮಿನಿಸ್ಟ್ರೇಟರ್ ಮಾಡ್ಲಾ?"

ಆಕೆ ಇನ್ನೊಂದು ದಂಟಿನ ಎಲೆ ಬಿಡಿಸಿದರು.

"ಬೇಡ ಬಿಡಿ," ಎಂದರು. "ಆಮೇಲೆ ನನಗೂ ಹನ್ನೆರಡೇ ಕಂಡರೆ?"